ಬಿ1 ಮುಗಿಯಿತು ಸರಿ, ಜರ್ಮನ್ ಎಷ್ಟು ಬರುತ್ತೆ?

ಜರ್ಮನಿಗೆ ಹೋಗಬೇಕೆಂದು ಭಾಷೆ ಕಲಿಯುತ್ತಿರುವ ಯಾರನ್ನೇ ಕೇಳಿ, ‘ಎ2 ಮುಗೀತು, ಬಿ1 ನಡೀತಿದೆ’ ಅನ್ನುತ್ತಾರೆ. ಮುಗಿದದ್ದು ಪುಸ್ತಕ, ಮುಗಿದದ್ದು ಬ್ಯಾಚು. ಭಾಷೆ ಎಷ್ಟು ಬಂದಿದೆ ಅನ್ನುವುದು ಬೇರೆಯೇ ಲೆಕ್ಕ. ಆ ಲೆಕ್ಕ ಪರೀಕ್ಷೆಯ ಫಲಿತಾಂಶ ಬಂದ ದಿನ ಗೊತ್ತಾದರೆ ಫೀಸೂ ಹೋಯಿತು, ವೀಸಾದ ಅಪಾಯಿಂಟ್‌ಮೆಂಟೂ ಹೋಯಿತು. ಅದಕ್ಕೆ ಮೊದಲೇ, ಮನೆಯಲ್ಲೇ ಕೂತು, ಹೆಚ್ಚು ಖರ್ಚಿಲ್ಲದೆ ಅಳೆದುಕೊಳ್ಳುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗಳೆಲ್ಲ ಜರ್ಮನ್‌ನವು. ಫ್ರೆಂಚ್, ಸ್ಪ್ಯಾನಿಷ್ ಕಲಿಯುವವರೂ ಇದೇ ದಾರಿ ಹಿಡಿಯಬಹುದು, ಯಾಕೆಂದರೆ ಅಳತೆಗೋಲು ಒಂದೇ.

ಮೊದಲು: ಎಲ್ಲಿಗೆ ಮುಟ್ಟಬೇಕು?

ಕೆಳಗಿನಿಂದ ಮೇಲಕ್ಕೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಹಂತಗಳು ಯುರೋಪಿನ ಸರ್ಕಾರಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಿಂದ ಬಂದವು. ಕೆಲಸ ಕೊಡುವವರು, ಕಾಲೇಜಿನವರು, ವೀಸಾ ಕಚೇರಿಯವರು ಎಲ್ಲರೂ ಮಾತಾಡುವುದು ಈ ಹಂತಗಳ ಲೆಕ್ಕದಲ್ಲೇ.

ನಿಮಗೆ ಯಾವ ಹಂತ ಬೇಕು ಅನ್ನುವುದು ನೀವು ಹೋಗುತ್ತಿರುವ ಕೆಲಸದ ಮೇಲಿದೆ. ಜರ್ಮನಿಯಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಸಾಮಾನ್ಯವಾಗಿ ಎ1 ಕೇಳುತ್ತಾರೆ. ನರ್ಸ್ ಆಗಿ ಹೋಗುವವರಿಗೆ ಹೆಚ್ಚಿನ ಕಡೆ ಬಿ2. ವೈದ್ಯರಿಗೆ ಅದರ ಮೇಲೆ ಸಿ1 ಮಟ್ಟದ ವೈದ್ಯಕೀಯ ಭಾಷೆಯ ಪರೀಕ್ಷೆ ಬೇರೆ. ಬ್ಲೂ ಕಾರ್ಡ್ (ಪದವೀಧರ ಉದ್ಯೋಗಿಗಳಿಗೆ ಕೊಡುವ ವಾಸದ ಅನುಮತಿ) ಮೇಲೆ ಹೋದ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗಬಹುದು. ಆದರೆ ಕಾಯಂ ವಾಸದ ಅನುಮತಿಗೆ ಎ1 ಇದ್ದರೆ 27 ತಿಂಗಳು ಕಾಯಬೇಕು, ಬಿ1 ಇದ್ದರೆ 21 ತಿಂಗಳು. ಪೌರತ್ವಕ್ಕೂ ಬಿ1 ಬೇಕು. ಈ ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ಮುಂಚೆ ದೂತಾವಾಸದ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.

ಗುರಿಯ ಹಂತವನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಆ ಹಾಳೆಯ ಮೇಲೇ.

ಐದು ಕಂಬದ ಪಟ್ಟಿ

‘ನಾನು ಬಿ1’ ಅನ್ನುವ ಮಾತೇ ಅರ್ಧ ಸುಳ್ಳು. ಒಬ್ಬನೇ ಮನುಷ್ಯ ಓದುವುದರಲ್ಲಿ ಬಿ2, ಕೇಳುವುದರಲ್ಲಿ ಎ2 ಇರಬಹುದು. ಶಾಲೆಯಿಂದಲೇ ಪುಸ್ತಕ ಹಿಡಿದು ಇಂಗ್ಲಿಷ್ ಕಲಿತ ನಮ್ಮಲ್ಲಿ ಇದು ಮಾಮೂಲು, ಆ ಅಭ್ಯಾಸವನ್ನೇ ಜರ್ಮನ್‌ಗೂ ಹೊತ್ತೊಯ್ಯುತ್ತೇವೆ. ಅದಕ್ಕೇ ಕೌನ್ಸಿಲ್ ಆಫ್ ಯುರೋಪ್ ಒಂದು ಸ್ವಯಂ ಮೌಲ್ಯಮಾಪನ ಪಟ್ಟಿ ಮಾಡಿಟ್ಟಿದೆ. ಕೇಳುವುದು, ಓದುವುದು, ಎದುರಾಬದುರು ಮಾತು, ಒಬ್ಬರೇ ನಿಂತು ಹೇಳುವುದು, ಬರೆಯುವುದು ಎಂದು ಐದು ಕಂಬ, ಪ್ರತಿಯೊಂದಕ್ಕೂ ಆರು ಹಂತ. ಪ್ರತಿ ಮನೆಯಲ್ಲೂ ‘ನಾನು ಇಂಥದ್ದು ಮಾಡಬಲ್ಲೆ’ ಎಂಬ ಧಾಟಿಯ ಎರಡು ಮೂರು ವಾಕ್ಯ. ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಜರ್ಮನ್‌ನಲ್ಲಿ ಅಲ್ಲ, ಇಂಗ್ಲಿಷ್‌ನಲ್ಲೇ ಓದಿ, ಇದು ಓದುವ ಪರೀಕ್ಷೆಯಲ್ಲ.

ತುಂಬುವಾಗ ಒಂದೇ ಒಂದು ಕಟ್ಟುನಿಟ್ಟು ಇರಲಿ. ‘ಬರುತ್ತೆ’ ಎಂದು ಟಿಕ್ ಹಾಕುವ ಮುಂಚೆ, ಕಳೆದ ಒಂದೆರಡು ತಿಂಗಳಲ್ಲಿ ಅದನ್ನು ತಯಾರಿಯಿಲ್ಲದೆ ಮಾಡಿದ ಒಂದು ಸಂದರ್ಭ ಪಕ್ಕದಲ್ಲಿ ಬರೆಯಿರಿ. ಉದಾಹರಣೆಗೆ, ಪ್ರಯಾಣದಲ್ಲಿ ಎದುರಾಗುವ ಬಹುಪಾಲು ಸಂದರ್ಭ ನಿಭಾಯಿಸಬಲ್ಲೆ ಅನ್ನುವುದು ಬಿ1ರ ಮಾತು. ಯಾವ ಸಂದರ್ಭ, ಯಾರ ಜೊತೆ? ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಕಲಿಯುವವರಿಗೆ ಜರ್ಮನ್ ರೈಲ್ವೆ ಕೌಂಟರ್ ಎಲ್ಲಿಂದ ಬರಬೇಕು ಅಂದರೆ, ಸಹಪಾಠಿಯೊಬ್ಬರ ಹತ್ತಿರ ಒಂದು ಚೀಟಿ ಬರೆಸಿ. ‘ರೈಲು ತಪ್ಪಿದೆ, ಟಿಕೆಟ್ ಬದಲಿಸಬೇಕು, ಕೌಂಟರಿನವಳಿಗೆ ಕೋಪ ಬಂದಿದೆ’. ಚೀಟಿ ಬಿಚ್ಚಿದ ತಕ್ಷಣ ಮಾತು ಶುರುವಾಗಬೇಕು. ಅದೂ ಒಂದು ಸಂದರ್ಭವೇ. ಸಂದರ್ಭ ನೆನಪಾಗದ ಮನೆ ಖಾಲಿ ಇರಲಿ. ಹೀಗೆ ತುಂಬಿದ ಪಟ್ಟಿ ಸಾಮಾನ್ಯವಾಗಿ ನೀವಂದುಕೊಂಡದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ. ಗಾಬರಿ ಬೇಡ.

ಆನ್‌ಲೈನ್ ಟೆಸ್ಟ್, ಅರ್ಧ ಗಂಟೆ ಮಾತ್ರ

ಜರ್ಮನ್ ಕಲಿಸಿ, ಪರೀಕ್ಷೆಯನ್ನೂ ನಡೆಸುವ ಗೊಯ್ಥೆ ಇನ್‌ಸ್ಟಿಟ್ಯೂಟ್ (ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಅಂದರೇ ಹೆಚ್ಚು ಪರಿಚಯ, ಬೆಂಗಳೂರಿನದು ಇಂದಿರಾನಗರದಲ್ಲಿದೆ) ಮತ್ತು ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆ ಎರಡರ ಜಾಲತಾಣದಲ್ಲೂ ಉಚಿತ ಮಟ್ಟ ಪರೀಕ್ಷೆ ಇದೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯ ನಡೆಸುವ ‘ಡಯಲಾಂಗ್’ ನನಗೆ ಹೆಚ್ಚು ಹಿಡಿಸುತ್ತದೆ. 14 ಯುರೋಪಿಯನ್ ಭಾಷೆಗಳಿಗೆ ಇದೆ, ಶುರುವಿನಲ್ಲೇ ಒಂದು ಸೊಗಸಾದ ಬಲೆ ಒಡ್ಡುತ್ತದೆ: ಒಂದಷ್ಟು ಪದ ಕೊಟ್ಟು, ಯಾವುದು ನಿಜವಾದ ಪದ, ಯಾವುದು ಕಟ್ಟಿದ ಪದ ಎಂದು ಕೇಳುತ್ತದೆ. ‘ಎಲ್ಲೋ ಕೇಳಿದ ಹಾಗಿದೆ’ ಎಂದು ಎಲ್ಲಕ್ಕೂ ಹೌದು ಅನ್ನುವವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಈ ಯಾವ ಟೆಸ್ಟೂ ನಿಮ್ಮ ಮಾತನ್ನು ಸರಿಯಾಗಿ ಅಳೆಯುವುದಿಲ್ಲ. ನಾಲ್ಕರಲ್ಲಿ ಸರಿಯಾದದ್ದನ್ನು ಗುರುತಿಸುವುದಕ್ಕೂ ಬಾಯಿಂದ ಹೊರಡಿಸುವುದಕ್ಕೂ ಬಹಳ ದೂರ. ಬಂದ ಅಂಕವನ್ನು ಓದುವ ಕಂಬದ ಪಕ್ಕ ಬರೆದುಕೊಂಡು ಮುಂದೆ ಹೋಗಿ. ಮೊಬೈಲ್ ಆ್ಯಪ್‌ನಲ್ಲಿ ದಿನ ತಪ್ಪದೆ ಆಡಿದ ಸರಣಿಯಂತೂ ಇಲ್ಲಿ ಲೆಕ್ಕಕ್ಕೇ ಇಲ್ಲ. ಅದು ನಿಮ್ಮ ಶಿಸ್ತಿನ ಅಂಕ.

ಕೇಳುವುದು: ಎಲ್ಲಿ ತಪ್ಪಿತು ಎಂದು ಹುಡುಕುವ ಬಗೆ

ಬಹುತೇಕರ ಸೋರಿಕೆ ಇಲ್ಲೇ. ಸಬ್‌ಟೈಟಲ್ ಹಾಕಿಕೊಂಡು ಸೀರಿಯಲ್ ನೋಡಿ ‘ಎಲ್ಲ ಅರ್ಥವಾಗುತ್ತೆ’ ಅನ್ನುವವರು ಕೇಳುತ್ತಿರುವುದಿಲ್ಲ, ಓದುತ್ತಿರುತ್ತಾರೆ.

ಡಾಯ್ಚ ವೆಲ್ಲೆಯಲ್ಲಿ ನಿಧಾನವಾಗಿ ಓದಿದ ವಾರ್ತೆ ಸಿಗುತ್ತದೆ, ಪಠ್ಯವೂ ಜೊತೆಗಿರುತ್ತದೆ. ಬಿ1 ಗುರಿಯವರು ಅದರಿಂದ ಎರಡು ನಿಮಿಷದ ತುಣುಕು ತೆಗೆದುಕೊಳ್ಳಿ. ಬಿ2ರವರು ಮಾಮೂಲು ವೇಗದ ರೇಡಿಯೋ ಸಂದರ್ಶನ ಹಿಡಿಯಿರಿ, ಪಠ್ಯ ಇರುವಂಥದ್ದು. ಒಂದೇ ಸಲ ಕೇಳಿ. ನಿಲ್ಲಿಸುವಂತಿಲ್ಲ, ಹಿಂದೆ ಹೋಗುವಂತಿಲ್ಲ. ಗೊಯ್ಥೆಯ ಬಿ1 ಪರೀಕ್ಷೆಯಲ್ಲೂ ಕೇಳುವ ನಾಲ್ಕು ಭಾಗಗಳಲ್ಲಿ ಎರಡನ್ನು ಒಂದೇ ಸಲ ಕೇಳಿಸುತ್ತಾರೆ. ಮುಗಿದ ಮೇಲೆ ಯಾರು, ಎಲ್ಲಿ, ಯಾವಾಗ, ಏನಾಯಿತು, ಯಾಕೆ ಎಂದು ಕನ್ನಡದಲ್ಲೇ ಬರೆಯಿರಿ. ಅಳೆಯುತ್ತಿರುವುದು ಗ್ರಹಿಕೆಯನ್ನು, ಹಾಗಾಗಿ ಜರ್ಮನ್‌ನಲ್ಲಿ ಬರೆದು ಎರಡನ್ನೂ ಕಲಸಬೇಡಿ.

ಆಮೇಲೆ ಪಠ್ಯ ತೆರೆದು, ತಪ್ಪಿಹೋದ ಪ್ರತಿ ಜಾಗಕ್ಕೂ ಕಾರಣ ಹಚ್ಚಿ. ಕಾರಣಗಳು ಮೂರೇ. ಪದವೇ ಗೊತ್ತಿರಲಿಲ್ಲ, ಒಂದು. ಪದ ಗೊತ್ತಿತ್ತು, ಕಾಗದದ ಮೇಲೆ ಕಂಡರೆ ತಿಳಿಯುತ್ತಿತ್ತು, ಕಿವಿಗೆ ಬಿದ್ದಾಗ ಗುರುತು ಸಿಗಲಿಲ್ಲ, ಎರಡು. ಎಲ್ಲ ಪದವೂ ಕೇಳಿಸಿತು, ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮುಂದಿನ ವಾಕ್ಯ ಬಂದುಬಿಟ್ಟಿತು, ಮೂರು.

ಮೂರನೆಯದಕ್ಕೆ ಜರ್ಮನ್ ಹೇಳಿಮಾಡಿಸಿದ ಭಾಷೆ. ನಿಲ್ದಾಣದ ಘೋಷಣೆ ನೋಡಿ: ‘ಡೇರ್ ಟ್ಸೂಕ್ ಫೆಲ್ಟ್ ಹೊಯ್ಟೆ ಔಸ್’. ರೈಲು ಇವತ್ತು ರದ್ದಾಗಿದೆ ಎಂದರ್ಥ. ಕೊನೆಯ ‘ಔಸ್’ ಬರುವವರೆಗೆ ‘ಫೆಲ್ಟ್’ ಅಂದರೆ ಬೀಳುತ್ತದೆ ಅಂತಲೇ. ಇಂಥ ಒಡೆಯುವ ಕ್ರಿಯಾಪದಗಳನ್ನು ವ್ಯಾಕರಣದ ಪುಟದಲ್ಲಿ ಸರಿಯಾಗಿ ತುಂಬುವವರೂ ಕಿವಿಯಲ್ಲಿ ಆ ಬಾಲವನ್ನು ಕಳೆದುಕೊಳ್ಳುತ್ತಾರೆ. ಸಂಖ್ಯೆಗಳದ್ದೂ ಅದೇ ಪಾಡು. ನಾವು ಎಂಬತ್ತು ಮೊದಲು, ಏಳು ಆಮೇಲೆ ಹೇಳಿದರೆ ಅವರು ‘ಸೀಬನ್ ಉಂಡ್ ಆಖ್ಟ್‌ಸಿಶ್’, ಏಳು ಮೊದಲು. 87 ಕೇಳಿ 78 ಬರೆಯುವುದು ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದು ನನ್ನ ದೃಷ್ಟಿಯಲ್ಲಿ ಕೇಳುವ ಶಕ್ತಿಯ ಒಳ್ಳೆಯ ಸೂಚಿ. ಸ್ನೇಹಿತರೊಬ್ಬರಿಂದ ಹತ್ತು ಫೋನ್ ನಂಬರನ್ನು ಎರಡೆರಡು ಅಂಕಿ ಸೇರಿಸಿ ಹೇಳಿಸಿ ಬರೆದುಕೊಳ್ಳಿ, ಐದು ನಿಮಿಷದ ಪರೀಕ್ಷೆ.

ಮೊದಲ ಕಾರಣ ಹೆಚ್ಚಿದ್ದರೆ ಪದ ಕಲಿಯಬೇಕು. ಎರಡನೆಯದಕ್ಕೆ ಪದಪಟ್ಟಿ ಎಷ್ಟು ಓದಿದರೂ ಪ್ರಯೋಜನವಿಲ್ಲ, ಪಠ್ಯ ಎದುರಿಗಿಟ್ಟುಕೊಂಡು ಅದೇ ತುಣುಕನ್ನು ಮತ್ತೆ ಮತ್ತೆ ಕೇಳಬೇಕು. ಮೂರನೆಯದಕ್ಕೆ ನಿಮಗಿಂತ ಒಂದು ಹಂತ ಸುಲಭದ್ದನ್ನು ಗಂಟೆಗಟ್ಟಲೆ ಕೇಳಬೇಕು. ಅಳತೆ ಇಷ್ಟು ಹೇಳಿದರೆ ಸಾಕು, ಬರೀ ‘10ಕ್ಕೆ 6’ ಅಂದರೆ ಏನೂ ಹೇಳಿದಂತಾಗಲಿಲ್ಲ.

ಇನ್ನೊಂದು ಮಾತು. ಧಾರವಾಡಕ್ಕೋ ಕುಂದಾಪುರಕ್ಕೋ ಬಂದಿಳಿದ, ಪುಸ್ತಕದ ಕನ್ನಡ ಕಲಿತವನ ಸ್ಥಿತಿಯೇ ಸ್ಟುಟ್‌ಗಾರ್ಟಿನಲ್ಲಿ, ಬವೇರಿಯಾದ ಹಳ್ಳಿಯಲ್ಲಿ ನಮ್ಮದೂ. ಅಲ್ಲಿಯ ಮುದುಕರ ಮಾತು ತಿಳಿಯಲಿಲ್ಲವೆಂದು ಪಟ್ಟಿಯಲ್ಲಿ ನಿಮ್ಮನ್ನು ಇಳಿಸಿಕೊಳ್ಳಬೇಡಿ. ಬಿ1ರ ವಿವರಣೆಯಲ್ಲೇ ಸ್ಪಷ್ಟವಾದ, ಶಿಷ್ಟ ಭಾಷೆಯ ಮಾತು ಎಂದಿದೆ.

ಓದುವುದು

ಇದು ಸುಲಭ. ಮುಂಚೆ ನೋಡಿರದ ಪಠ್ಯದಲ್ಲಿ 100 ಪದ ಎಣಿಸಿ, ಗೊತ್ತಿಲ್ಲದವಕ್ಕೆ ಗೆರೆ ಹಾಕಿ. ಪದಸಂಪತ್ತಿನ ಬಗ್ಗೆ ಸಂಶೋಧನೆ ಮಾಡಿದ ಪಾಲ್ ನೇಷನ್ ಮೊದಲಾದವರ ಲೆಕ್ಕದಲ್ಲಿ, ನಿಘಂಟಿಲ್ಲದೆ ಆರಾಮವಾಗಿ ಓದಲು 100ಕ್ಕೆ 98 ಪದ ತಿಳಿದಿರಬೇಕು. ಎರಡು ಗೆರೆಯೊಳಗಿದ್ದರೆ ಆ ಪಠ್ಯ ನಿಮ್ಮದು. ಐದಾದರೆ ತಿಣುಕಿ ಓದುವಿರಿ. ಹತ್ತು ದಾಟಿತೋ, ಓದುತ್ತಿಲ್ಲ, ಊಹಿಸುತ್ತಿದ್ದೀರಿ. ಗೊಯ್ಥೆಯವರ ಬಿ1 ಪದಪಟ್ಟಿಯಲ್ಲಿ ಸುಮಾರು 2,400 ನಮೂದುಗಳಿವೆ, ಎ1ರದ್ದರಲ್ಲಿ ಸುಮಾರು 650. ನಿಮ್ಮ ಗುರಿಯ ಪಟ್ಟಿಯಲ್ಲಿ ಅಲ್ಲಲ್ಲಿ ಹತ್ತು ಪುಟ ಆರಿಸಿ ಗೊತ್ತಿಲ್ಲದವನ್ನು ಎಣಿಸಿದರೆ ಉಳಿದದ್ದು ಅಂದಾಜಾಗುತ್ತದೆ.

ಮಾತು: ಮೂರು ನಿಮಿಷ, ಒಂದೇ ಟೇಕ್

ಗೊಯ್ಥೆ ಬಿ1 ಮಾತಿನ ಪರೀಕ್ಷೆಯಲ್ಲಿ ಮೂರು ಭಾಗ. ಜೊತೆಗಾರರೊಡನೆ ಏನನ್ನೋ ಯೋಜಿಸುವುದು, ಒಂದು ವಿಷಯ ಮಂಡಿಸುವುದು, ಆಮೇಲೆ ಪ್ರಶ್ನೆ ಮತ್ತು ಉತ್ತರ. ಮಂಡಿಸುವ ಭಾಗದ ಸಾಲು ಹೀಗಿರುತ್ತದೆ: ವಿಷಯವೇನು, ನಿಮ್ಮ ಅನುಭವ, ನಿಮ್ಮ ದೇಶದಲ್ಲಿ ಹೇಗೆ, ಒಳಿತು ಕೆಡುಕು ಮತ್ತು ನಿಮ್ಮ ಅಭಿಪ್ರಾಯ, ಮುಕ್ತಾಯ. ಇದನ್ನೇ ಮನೆಗೆ ತನ್ನಿ. ‘ಮಕ್ಕಳಿಗೆ ಸ್ವಂತ ಮೊಬೈಲ್ ಬೇಕೆ’ ಅನ್ನುವಂಥ ವಿಷಯ ಬೇರೆಯವರು ಕೊಡಲಿ, ನೀವೇ ಆರಿಸಿದರೆ ಗೊತ್ತಿರುವ ಪದಗಳ ಕಡೆಗೇ ಕೈ ಹೋಗುತ್ತದೆ. ಹತ್ತು ನಿಮಿಷ ಟಿಪ್ಪಣಿ ಮಾಡಿ, ಫೋನಿನ ರೆಕಾರ್ಡರ್ ಒತ್ತಿ, ಮೂರು ನಿಮಿಷ ಮಾತಾಡಿ. ತಡವರಿಸಿದರೂ ಅಳಿಸುವಂತಿಲ್ಲ.

ಮಾರನೆಯ ದಿನ ಕೇಳಿ, ಅಕ್ಷರಕ್ಷರ ಬರೆದುಕೊಳ್ಳಿ. ‘ಆಂ… ಆಂ…’ ಕೂಡ ಇರಲಿ. ಸ್ವಲ್ಪ ಮುಜುಗರದ ಕೆಲಸ, ಆದರೆ ಇದಕ್ಕೆ ಬದಲಿಯಿಲ್ಲ. ಬಿ1 ಬ್ಯಾಚಿನವರೊಬ್ಬರ ಹಾಳೆ ಹೀಗಿರಬಹುದು:

‘ಇಶ್ ಹಾಬೆ ನಾಖ್ ಮೈಸೂರು ಗೆಫಾರೆನ್… ಆಂ… ವೈಲ್ ಇಶ್ ಹಾಬೆ ಆಂ… ಕೈನೆ ಟ್ಸೈಟ್…’

‘ನಾನು ಮೈಸೂರಿಗೆ ಹೋದೆ, ಯಾಕೆಂದರೆ ನನಗೆ ಸಮಯವಿಲ್ಲ’ ಎಂದು ಹೇಳಹೊರಟದ್ದು. ಎರಡು ತಪ್ಪು. ಹೋಗುವ ಕ್ರಿಯೆಗೆ ‘ಹಾಬೆ’ ಅಲ್ಲ, ‘ಬಿನ್’ ಬೇಕು: ‘ಇಶ್ ಬಿನ್ ನಾಖ್ ಮೈಸೂರು ಗೆಫಾರೆನ್’. ‘ವೈಲ್’ (ಯಾಕೆಂದರೆ) ಬಂದ ಮೇಲೆ ಕ್ರಿಯಾಪದ ಕೊನೆಗೆ ಹೋಗಬೇಕು: ‘ವೈಲ್ ಇಶ್ ಕೈನೆ ಟ್ಸೈಟ್ ಹಾಬೆ’. ಕ್ರಿಯಾಪದ ಕೊನೆಗೆ ಬರುವುದು ಕನ್ನಡದವರಿಗೆ ಹೊಸದೇ? ಆದರೂ ನಾವು ಇಂಗ್ಲಿಷ್ ಮೂಲಕ ಸುತ್ತುಹಾಕಿ ಜರ್ಮನ್‌ಗೆ ಹೋಗುವುದರಿಂದ, ಸಲೀಸಾಗಬೇಕಾದ ಜಾಗದಲ್ಲೇ ಮುಗ್ಗರಿಸುತ್ತೇವೆ.

ಈಗ ಮುಖ್ಯ ಕೆಲಸ. ಬರೆದದ್ದನ್ನು ಯಾರ ಸಹಾಯವೂ ಇಲ್ಲದೆ ಕೆಂಪು ಪೆನ್ನಿನಲ್ಲಿ ನೀವೇ ತಿದ್ದಿ. ಆಮೇಲೆ ಮೇಷ್ಟ್ರಿಗೋ ಚೆನ್ನಾಗಿ ಬರುವ ಗೆಳತಿಗೋ ಕೊಟ್ಟು, ಉಳಿದ ತಪ್ಪುಗಳನ್ನು ನೀಲಿಯಲ್ಲಿ ತಿದ್ದಿಸಿ. ಕೆಂಪು ತಪ್ಪುಗಳ ನಿಯಮ ನಿಮಗೆ ಗೊತ್ತು, ಬಾಯಿಗೆ ಇನ್ನೂ ಇಳಿದಿಲ್ಲ. ನೀಲಿಯವು ಗೊತ್ತೇ ಇಲ್ಲದವು. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಈ ಎರಡು ಬಗೆಯ ತಪ್ಪುಗಳನ್ನು ಬೇರೆ ಬೇರೆ ನೋಡಬೇಕೆಂದಿದ್ದರು. ಹಾಳೆ ಪೂರ್ತಿ ಕೆಂಪಾಗಿದ್ದರೆ ಇನ್ನೊಂದು ವ್ಯಾಕರಣ ಪುಸ್ತಕ ಕೊಳ್ಳುವ ಅಗತ್ಯವಿಲ್ಲ, ಮಾತಾಡಬೇಕು ಅಷ್ಟೆ. ನೀಲಿ ಹೆಚ್ಚಿದ್ದರೆ ಪುಸ್ತಕಕ್ಕೆ ವಾಪಸು.

ತಪ್ಪುಗಳನ್ನು ಎಣಿಸಿದ ಮೇಲೆ ಇನ್ನೊಂದನ್ನೂ ಹುಡುಕಿ: ಹೇಳಬೇಕೆಂದಿದ್ದು ಹೇಳದೆ ಬಿಟ್ಟದ್ದು. ಟಿಪ್ಪಣಿಯಲ್ಲಿದ್ದು ರೆಕಾರ್ಡಿಂಗಿನಲ್ಲಿ ಇಲ್ಲದ ಅಂಶ ಯಾವುದು? ಜಾಣ ಕಲಿಕೆಗಾರರು ಕಷ್ಟದ ವಾಕ್ಯ ತಪ್ಪಿಸಿ, ಬರುವ ನಾಲ್ಕು ವಾಕ್ಯದಲ್ಲೇ ಸುತ್ತಾಡಿ, ಒಂದೂ ತಪ್ಪಿಲ್ಲದೆ ಮುಗಿಸುತ್ತಾರೆ. ತಪ್ಪಿಲ್ಲದ ಎ2 ಮಾತು ಬಿ1 ಅಲ್ಲ.

ಬಿ1 ನಿಜಕ್ಕೂ ಬಂದಿದೆಯೇ ಎಂದು ನೋಡಲು ಒಂದು ಆಟ ಇದೆ. ಮನೆಯ ಹತ್ತು ವಸ್ತುಗಳನ್ನು ಬೇರೆಯವರು ಚೀಟಿಯಲ್ಲಿ ಬರೆಯಲಿ: ಪ್ಲಗ್ ಸಾಕೆಟ್, ಇಕ್ಕಳ, ಸೊಳ್ಳೆ ಪರದೆ, ಜರಡಿ. ಹೆಸರು ಬಳಸದೆ ಜರ್ಮನ್‌ನಲ್ಲಿ ವರ್ಣಿಸಿ ಎದುರಿನವರಿಗೆ ತಿಳಿಸಬೇಕು. ‘ಗೋಡೆಯಲ್ಲಿರುತ್ತೆ, ಚಾರ್ಜರ್ ಅದರೊಳಗೆ ಹಾಕ್ತೀವಿ’ ಅಂದರೂ ಸಾಕು. ಪದ ಮರೆತಾಗ ಹೀಗೆ ಬಳಸಿ ಹೋಗಿ ಅರ್ಥ ಮುಟ್ಟಿಸುವ ಶಕ್ತಿಯನ್ನು ಚೌಕಟ್ಟು ಬಿ1ರ ಲಕ್ಷಣಗಳಲ್ಲೇ ಸೇರಿಸಿದೆ. ಹತ್ತರಲ್ಲಿ ಏಳೆಂಟು ದಾಟಿದರೆ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ನಿಮಗೆ ತೊಂದರೆಯಿಲ್ಲ.

ಬರೆಯುವುದು, ಮತ್ತು ಎಐ ಹೊಗಳಿಕೆ

ಬಿ1 ಬರವಣಿಗೆಯ ಮೊದಲ ಪ್ರಶ್ನೆ ಸ್ನೇಹಿತರಿಗೆ ಸುಮಾರು 80 ಪದದ ಇಮೇಲ್, ಅದಕ್ಕೆ 20 ನಿಮಿಷ. ಮನೆಯಲ್ಲೂ ಕಾಗದ, ಪೆನ್ನು, ಗಡಿಯಾರ ಇಷ್ಟೇ. ಫೋನಿನ ಕೀಬೋರ್ಡು ಪದ ಪೂರ್ತಿ ಮಾಡಿಕೊಡುತ್ತದೆ, ಅದರಲ್ಲಿ ಬರೆದದ್ದು ನಿಮ್ಮ ಅಳತೆಯಲ್ಲ. ಪರೀಕ್ಷಕರು ನೋಡುವುದು ನಾಲ್ಕು: ಕೇಳಿದ ಅಂಶಗಳೆಲ್ಲ ಬಂದವೆ, ಮಾತು ಒಂದಕ್ಕೊಂದು ಹೊಂದಿಕೊಂಡಿದೆಯೆ, ಪದಸಂಪತ್ತು, ವಾಕ್ಯರಚನೆ. ನಮ್ಮವರು ನಾಲ್ಕನೆಯದಕ್ಕೆ ಜೀವ ತೇಯ್ದು ಮೊದಲನೆಯದನ್ನು ಮರೆಯುತ್ತಾರೆ. ಮೂರು ಅಂಶ ಕೇಳಿದ್ದರೆ ಎರಡಕ್ಕೇ ಉತ್ತರ, ಆದರೆ ವಿಭಕ್ತಿ ಪ್ರತ್ಯಯ ಒಂದೂ ತಪ್ಪಿಲ್ಲ!

ಬರೆದದ್ದನ್ನು ಎಐ ಚಾಟ್‌ಬಾಟ್‌ಗೆ ಕೊಟ್ಟು ತಿದ್ದಿಸುವುದು ಈಗ ಎಲ್ಲರ ರೂಢಿ. ತಪ್ಪು ಹುಡುಕಲು ಒಳ್ಳೆಯದೇ. ‘ಇದು ಯಾವ ಲೆವೆಲ್’ ಎಂದು ಮಾತ್ರ ಕೇಳಬೇಡಿ, ಕೇಳಿದರೂ ನಂಬಬೇಡಿ. ಅದಕ್ಕೆ ಹೊಗಳುವ ಚಾಳಿ ಇದೆ, ಅದೇ ಪತ್ರಕ್ಕೆ ಬೆಳಿಗ್ಗೆ ಬಿ1, ಸಂಜೆ ಬಿ2 ಎಂದೀತು. ‘ತಪ್ಪುಗಳನ್ನು ಮಾತ್ರ ಪಟ್ಟಿ ಮಾಡು, ತಿದ್ದಬೇಡ’ ಎಂದು ಹೇಳಿ, ತಿದ್ದುವ ಕೆಲಸ ನೀವು ಇಟ್ಟುಕೊಳ್ಳಿ.

ಜರ್ಮನ್ನರ ಮೆಚ್ಚುಗೆಯೂ ಅಳತೆಯಲ್ಲ. ಎರಡು ವಾಕ್ಯ ಆಡಿದರೆ ‘ನಿಮ್ಮ ಜರ್ಮನ್ ಎಷ್ಟು ಚೆನ್ನಾಗಿದೆ’ ಅನ್ನುವುದು ಸೌಜನ್ಯ. ಹಾಗೆಯೇ ಬರ್ಲಿನ್ನಿನ ಕೆಫೆಯಲ್ಲಿ ಮಾಣಿ ಇಂಗ್ಲಿಷಿಗೆ ತಿರುಗಿದರೆ ನಿಮ್ಮದು ಕೆಟ್ಟದೆಂದೇನೂ ಅಲ್ಲ, ಎಷ್ಟೋ ಸಲ ಅವನಿಗೇ ಜರ್ಮನ್ ಬರುವುದಿಲ್ಲ. ಭಾಷಾ ವಿನಿಮಯದ ಗೆಳೆಯರಿದ್ದರೆ ‘ಹೇಗಿದೆ’ ಎಂದು ಕೇಳುವ ಬದಲು ‘ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ’ ಅನ್ನಿ. ಏನು ಮುಟ್ಟಿತು, ಏನು ಮುಟ್ಟಲಿಲ್ಲ ಎಂದು ಅಲ್ಲೇ ತಿಳಿಯುತ್ತದೆ.

ಕೊನೆಗೆ ಮಾಡೆಲ್ ಪೇಪರ್

ಗೊಯ್ಥೆ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ, ಆಡಿಯೋ, ಉತ್ತರ ಎಲ್ಲ ಉಚಿತ. ಬಿ1ಕ್ಕೆ ಓದು 65 ನಿಮಿಷ, ಕೇಳುವುದು 40, ಬರಹ 60, ಮಾತು ಇಬ್ಬರಿಗೆ ಸೇರಿ ಸುಮಾರು 15. ಒಂದೇ ದಿನ, ಒಂದೇ ಕೂರುವಿಕೆಯಲ್ಲಿ ಮಾಡಿ. ಭಾನುವಾರ ಒಂದು ಭಾಗ, ಬುಧವಾರ ಇನ್ನೊಂದು ಅಂದರೆ ದಣಿವಿನ ಲೆಕ್ಕ ತಪ್ಪುತ್ತದೆ, ಪರೀಕ್ಷೆಯ ಅರ್ಧ ಕಷ್ಟ ದಣಿವಿನದ್ದೇ.

ಪಾಸಿಗೆ ಪ್ರತಿ ವಿಭಾಗದಲ್ಲೂ 100ಕ್ಕೆ 60 ಬೇಕು. ಓದಿನಲ್ಲಿ 90 ಬಂದು ಮಾತಿನಲ್ಲಿ 52 ಬಂದರೆ ಓದಿನದು ಮಾತಿಗೆ ಜಮಾ ಆಗುವುದಿಲ್ಲ. ಒಳ್ಳೆಯದೆಂದರೆ, ಬಿ1ರಲ್ಲಿ ನಾಲ್ಕೂ ವಿಭಾಗ ಬಿಡಿಬಿಡಿಯಾಗಿಯೂ ಬರೆಯಬಹುದು, ಬಿದ್ದದ್ದನ್ನು ಮಾತ್ರ ಮತ್ತೆ ಕಟ್ಟಿದರಾಯಿತು. ಮನೆಯಲ್ಲಿ 60 ಬಂತೆಂದು ಹಣ ಕಟ್ಟಬೇಡಿ. ಪರೀಕ್ಷಾ ಕೊಠಡಿಯ ಗಾಬರಿ, ಎದುರಿನ ಅಪರಿಚಿತ ಜೊತೆಗಾರ ಎಲ್ಲ ಸೇರಿ ಒಂದಷ್ಟು ಅಂಕ ತಿನ್ನುತ್ತವೆ. ಮನೆಯಲ್ಲಿ ಪ್ರತಿ ವಿಭಾಗದಲ್ಲೂ 75ರ ಆಸುಪಾಸು ಬರುವವರೆಗೆ ಕಾಯುವುದು ಮೇಲು ಅನ್ನುತ್ತೇನೆ.

ಎಷ್ಟು ದಿನಕ್ಕೊಮ್ಮೆ?

ಬಿ1 ತನಕ ಎರಡು ತಿಂಗಳಿಗೊಮ್ಮೆ ಅಳೆದರೆ ಸಾಕು. ಆಮೇಲೆ ನಾಲ್ಕು ತಿಂಗಳಿಗೊಮ್ಮೆ. ಎ1ರಿಂದ ಎ2ಗೆ ಹೋದ ವೇಗದಲ್ಲಿ ಬಿ1ರಿಂದ ಬಿ2 ಬರುವುದಿಲ್ಲ. ಗೊಯ್ಥೆಯವರ ಅಂದಾಜಿನಲ್ಲೇ ಸೊನ್ನೆಯಿಂದ ಬಿ1ಕ್ಕೆ 45 ನಿಮಿಷದ 350ರಿಂದ 650 ತರಗತಿ, ಬಿ2ಗೆ 600ರಿಂದ 800. ಕನಿಷ್ಠ 350 ಅಂದರೂ 260 ಗಂಟೆಯ ಮೇಲಾಯಿತು. ‘ಮೂರು ತಿಂಗಳಲ್ಲಿ ಬಿ1’ ಎಂಬ ಜಾಹೀರಾತು ಕಂಡಾಗ ದಿನಕ್ಕೆ ಎಷ್ಟು ಗಂಟೆ ತರಗತಿ ಎಂದು ಭಾಗಿಸಿ ನೋಡಿ.

ಪ್ರತಿ ಸಲದ ಪಟ್ಟಿ, ಕೆಂಪು ನೀಲಿ ಹಾಳೆ, ರೆಕಾರ್ಡಿಂಗ್ ಮೂರನ್ನೂ ದಿನಾಂಕ ಹಾಕಿ ಇಟ್ಟುಕೊಳ್ಳಿ. ಅದೇ ವಿಷಯವನ್ನು ಆರು ತಿಂಗಳ ಮೇಲೆ ಮತ್ತೆ ರೆಕಾರ್ಡ್ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ಕೇಳಿ. ಎರಡು ಅಳತೆಯಲ್ಲೂ ಒಂದು ಕಂಬ ಕದಲದಿದ್ದರೆ ಆ ಕಂಬಕ್ಕೆ ಮಾಡುತ್ತಿರುವ ಅಭ್ಯಾಸ ಬದಲಿಸಿ, ಗಂಟೆ ಹೆಚ್ಚಿಸಿದರೆ ಆಗದು.

ಪರೀಕ್ಷೆಯ ದಿನ ಗೊತ್ತಾದ ಮೇಲೆ ಮಾತ್ರ, ಕೊನೆಯ ಹತ್ತು ದಿನ ಅಳೆಯುವುದನ್ನು ನಿಲ್ಲಿಸಿ. ಅಷ್ಟು ಕಡಿಮೆ ದಿನದಲ್ಲಿ ಅಂಕ ಏರುವುದಕ್ಕಿಂತ ಎದೆ ಹೊಡೆದುಕೊಳ್ಳುವುದೇ ಹೆಚ್ಚು. ಅದಕ್ಕಿಂತ ಮುಂಚಿನ ಕೊನೆಯ ಅಳತೆಗೆ ಬಿಡಿಸದ ಮಾದರಿ ಪತ್ರಿಕೆಯೊಂದು ಬೇಕಾಗುತ್ತದೆ. ಉಚಿತವಾಗಿ ಸಿಗುವವು ಕೆಲವೇ, ಆಸೆಗೆ ಬಿದ್ದು ಎಲ್ಲವನ್ನೂ ಮೊದಲ ತಿಂಗಳಲ್ಲೇ ಬಿಡಿಸಿ ಮುಗಿಸಬೇಡಿ.